ಆತ್ಮಹತ್ಯೆಯಿಂದ ಮನೆಯವರನ್ನು ಕಳೆದುಕೊಂಡವರ ಧ್ಯಾನಕೂಟ: ಉಪದೇಶ ಗಟ್ಟಿ, ಚರಿತ್ರೆ ಅರೆಬರೆ, ಕರಪತ್ರ ಇಂಗ್ಲಿಷಿನಲ್ಲಿ

ಮೈಸೂರಿನ ಹೊರವಲಯದ ಒಂದು ಕಥೋಲಿಕ ಧ್ಯಾನಕೇಂದ್ರದಲ್ಲಿ, ಆತ್ಮಹತ್ಯೆಯಿಂದ ಮನೆಯವರನ್ನು ಕಳೆದುಕೊಂಡ ಕುಟುಂಬಗಳಿಗಾಗಿ ನವೆಂಬರಿನಲ್ಲಿ ಒಂದು ದಿನದ ಕೂಟ ನಡೆಸುತ್ತಾರೆ. ಅಲ್ಲಿಗೆ ಬರುವವರು ಗುರುತು ಬೇಡವೆಂದು ಬರುವವರು. ಆದ್ದರಿಂದ ಕೇಂದ್ರದ ಹೆಸರು ಬರೆಯುವುದಿಲ್ಲ. ನೋಂದಣಿಗೆ 200 ರೂಪಾಯಿ, ಮಧ್ಯಾಹ್ನದ ಊಟವೂ ಅದರಲ್ಲೇ. ಕೊಡಲಾಗದವರನ್ನು ಯಾರೂ ಕೇಳುವುದಿಲ್ಲ.

ನಾನು ಚಿಕ್ಕಮ್ಮನ ಜೊತೆಗೆ ಹೋದವನು. ಅವರ ಮಗ ತೀರಿಕೊಂಡಾಗ ಅಂತ್ಯಕ್ರಿಯೆ ಚರ್ಚಿನಲ್ಲೇ ನಡೆಯಿತು, ಬಲಿಪೂಜೆಯೂ (ಚರ್ಚಿನ ಮುಖ್ಯ ಪೂಜೆ, ಮಾಸ್) ಆಯಿತು, ಗುರುಗಳು ಒಂದು ಕಟುಮಾತನ್ನೂ ಆಡಲಿಲ್ಲ. ಆಡಿದವರು ನೆಂಟರು, ಆತ್ಮಹತ್ಯೆ ಮಾಡಿಕೊಂಡವರು ನರಕಕ್ಕೇ ಹೋಗುತ್ತಾರೆಂದು ನಂಬಿದವರು. "ಇಷ್ಟೆಲ್ಲ ಜಪಸರ ಹೇಳುತ್ತೀಯಲ್ಲ, ಅವನು ಹೋದ ಜಾಗಕ್ಕೆ ಇದು ತಲುಪುತ್ತದೆಯೇ?" ಎಂದು ಒಬ್ಬಾಕೆ ಕಾಫಿ ಕುಡಿಯುತ್ತಾ ಕೇಳಿದ್ದರು. ಅಂದಿನಿಂದ ಸಂಜೆಯ ಪ್ರಾರ್ಥನೆಯಲ್ಲಿ ಸತ್ತವರ ಹೆಸರು ಹೇಳುವಾಗ ಚಿಕ್ಕಮ್ಮ ಮಗನ ಹೆಸರನ್ನು ನುಂಗಿಕೊಳ್ಳುತ್ತಾರೆ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ನನಗೆ ಸಾಂತ್ವನಕ್ಕಿಂತ ಮೊದಲು ದಾಖಲೆ ಬೇಕು. ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಏನು ಹೇಳುತ್ತದೆ, ಎಲ್ಲಿ ಬರೆದಿದೆ, ಯಾವ ವರ್ಷದಿಂದ?

ಈ ವಿಷಯದಲ್ಲಿ ಬೆಳಗಿನ ಉಪನ್ಯಾಸ ನಿರಾಸೆ ಮಾಡಲಿಲ್ಲ. ಫಾದರ್ ಪೀಠಿಕೆ ಹಾಕದೆ 1992ರ ಕ್ಯಾಟೆಕಿಸಂ (ಧರ್ಮಸಭೆಯ ಅಧಿಕೃತ ಬೋಧನೆಗಳ ಪುಸ್ತಕ) ತೆರೆದು 2280ರಿಂದ 2283ರವರೆಗಿನ ನಾಲ್ಕು ಪರಿಚ್ಛೇದಗಳನ್ನು ಓದಿ ವಿವರಿಸಿದರು. ಮೊದಲೆರಡು ಸಡಿಲವಾಗಿಲ್ಲ: ಪ್ರಾಣ ದೇವರು ಒಪ್ಪಿಸಿದ್ದು, ನಾವು ಅದರ ಮೇಲ್ವಿಚಾರಕರೇ ಹೊರತು ಒಡೆಯರಲ್ಲ, ಆತ್ಮಹತ್ಯೆ ತನ್ನ ಮೇಲಿನ ಪ್ರೀತಿಗೂ ಸುತ್ತಲಿನವರ ಮೇಲಿನ ಪ್ರೀತಿಗೂ ದೇವರ ಪ್ರೀತಿಗೂ ವಿರುದ್ಧ. ಮೂರನೆಯದರಲ್ಲಿ, ತೀವ್ರ ಮಾನಸಿಕ ಕ್ಷೋಭೆ, ಸಂಕಟ, ಕಷ್ಟ ಅಥವಾ ಹಿಂಸೆಯ ಭಾರೀ ಭಯ ಇವು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲವು ಎಂದಿದೆ. ನಾಲ್ಕನೆಯದು ಚಿಕ್ಕಮ್ಮನಿಗೆ ಬೇಕಾಗಿದ್ದದ್ದು. ತಮ್ಮ ಜೀವ ತೆಗೆದುಕೊಂಡವರ ನಿತ್ಯರಕ್ಷಣೆಯ ವಿಷಯದಲ್ಲಿ ನಾವು ನಿರಾಶರಾಗಬಾರದು. ತನಗೆ ಮಾತ್ರ ತಿಳಿದ ದಾರಿಗಳಲ್ಲಿ ದೇವರು ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ನೆಂಟರಾಕೆಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇರಲಾರದು.

ಬೈಬಲ್ಲಿನ ಭಾಗವೂ ಚೆನ್ನಾಗಿತ್ತು. ಹೀಗೆ ಸತ್ತವರು ಅಲ್ಲಿ ಹಲವರಿದ್ದಾರೆ: ಅರಸ ಸೌಲ, ದಾವೀದನ ಸಲಹೆಗಾರನಾಗಿದ್ದ ಅಹೀತೋಫೆಲ, ಯೇಸುವನ್ನು ಹಿಡಿದುಕೊಟ್ಟ ಯೂದ. ಅಹೀತೋಫೆಲನನ್ನು ಅವನ ತಂದೆಯ ಸಮಾಧಿಯಲ್ಲೇ ಹೂಳಿದರೆಂದು ಎರಡನೆಯ ಸಮುವೇಲನ 17ನೇ ಅಧ್ಯಾಯ ಸುಮ್ಮನೆ ಹೇಳಿ ಮುಂದೆ ಹೋಗುತ್ತದೆ. ಕ್ಷಮೆಯಿಲ್ಲದ ಪಾಪವೆಂದು ಯೇಸು ಹೆಸರಿಸಿದ್ದು ಪವಿತ್ರಾತ್ಮರ ದೂಷಣೆಯನ್ನು; ಈ ಸಾವನ್ನಲ್ಲ.

ತಕರಾರು ಬರುವುದು ಇಲ್ಲಿಂದ. ಧರ್ಮಸಭೆ ಮೊದಲಿನಿಂದಲೂ ಹೀಗೆಯೇ ಕರುಣೆ ತೋರುತ್ತಾ ಬಂದಿದೆ ಎಂಬ ಧಾಟಿಯಲ್ಲಿ ಫಾದರ್ ಮಾತು ಮುಗಿಸಿದರು. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತು ಹೇಳಿದರು: "ನಾನು ಚಿಕ್ಕವನಿದ್ದಾಗ ನಮ್ಮಣ್ಣನನ್ನು ಸ್ಮಶಾನದ ಗೋಡೆಯ ಆಚೆ ಹೂಳಿದರು ಸ್ವಾಮಿ. ಗಂಟೆ ಹೊಡೆಯಲಿಲ್ಲ, ಗುರುಗಳು ಬರಲಿಲ್ಲ. ಹಾಗಾದರೆ ಅದು ಯಾವ ಧರ್ಮಸಭೆ?"

ಅವರ ಪ್ರಶ್ನೆಗೂ ದಾಖಲೆಯಲ್ಲಿ ಉತ್ತರವಿದೆ, ಹೇಳಬೇಕಿತ್ತು. 410ರಲ್ಲಿ ರೋಮ್ ಸೂರೆಹೋದ ಬಳಿಕ ಬರೆದ ಗ್ರಂಥದಲ್ಲಿ ಬಿಷಪ್ ಆಗಿದ್ದ ಸಂತ ಅಗಸ್ಟೀನರು "ಕೊಲ್ಲಬೇಡ" ಎಂಬ ಕಟ್ಟಳೆ ತನ್ನನ್ನು ಕೊಂದುಕೊಳ್ಳುವುದಕ್ಕೂ ಅನ್ವಯಿಸುತ್ತದೆ ಎಂದು ವಾದಿಸಿದರು. 6ನೇ ಶತಮಾನದಲ್ಲಿ ಬ್ರಾಗಾದಲ್ಲಿ (ಇಂದಿನ ಪೋರ್ಚುಗಲ್) ಸೇರಿದ ಬಿಷಪ್ಪರ ಸಮ್ಮೇಳನ ಇಂಥವರ ಶವಸಂಸ್ಕಾರದಲ್ಲಿ ಕೀರ್ತನೆಗಳನ್ನು ಹಾಡಬಾರದೆಂದಿತು. 13ನೇ ಶತಮಾನದಲ್ಲಿ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸರು ಮೂರು ಕಾರಣ ಕೊಟ್ಟು ಆತ್ಮಹತ್ಯೆ ಪಾಪವೆಂಬ ವಾದವನ್ನು ಇನ್ನಷ್ಟು ಬಿಗಿ ಮಾಡಿದರು. 1917ರ ಧರ್ಮಸಭಾ ಕಾನೂನಿನ 1240ನೇ ವಿಧಿ, ಬುದ್ಧಿಪೂರ್ವಕವಾಗಿ ಜೀವ ತೆಗೆದುಕೊಂಡು, ಸಾಯುವ ಮುನ್ನ ಪಶ್ಚಾತ್ತಾಪದ ಸುಳಿವನ್ನೂ ಕೊಡದವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸಿತು. 1983ರ ಹೊಸ ಕಾನೂನಿನ 1184ನೇ ವಿಧಿಯಲ್ಲಿ ಸಂಸ್ಕಾರ ನಿರಾಕರಿಸಬಹುದಾದವರ ಪಟ್ಟಿ ಇದೆ. ಆತ್ಮಹತ್ಯೆ ಮಾಡಿಕೊಂಡವರು ಅದರಲ್ಲಿಲ್ಲ. ಇಷ್ಟು ಹೇಳಲು ಹತ್ತು ನಿಮಿಷ ಸಾಕು. ನೆಂಟರಾಕೆ ಕೆಟ್ಟವರೇನಲ್ಲ, ಅವರ ಉಪದೇಶದ ತರಗತಿ 1983ಕ್ಕಿಂತ ಹಿಂದಿನದು, ಅಷ್ಟೇ. ಕಾಗದದಲ್ಲಿ ತಿದ್ದುಪಡಿಯಾದದ್ದು ಬೆಂಚುಗಳವರೆಗೆ ಬಂದಿಲ್ಲ. ತಿದ್ದಲಾಗಿದೆ ಎಂದು ಒಪ್ಪಿಕೊಳ್ಳದಿದ್ದರೆ ಜನ ಹೊಸದನ್ನು ನಂಬುವುದಾದರೂ ಹೇಗೆ?

ಫಾದರ್ ಸ್ವಲ್ಪ ಹೊತ್ತು ತಡವರಿಸಿ, "ಅದೂ ಇದೇ ಧರ್ಮಸಭೆ" ಎಂದರು. ಊರಿನ ಹೆಸರು ಬರೆದುಕೊಂಡು, ಬಂದು ಸಮಾಧಿಯನ್ನು ಆಶೀರ್ವದಿಸುತ್ತೇನೆ ಎಂದರು. ಹೋದರೋ ಇಲ್ಲವೋ ನಾನು ವಿಚಾರಿಸಿಲ್ಲ. ಆದರೆ ಆ ಒಂದು ಮಾತಿಗೆ ನಾನು ಅವರಿಗೆ ಬೆಳಗಿನ ಉಪನ್ಯಾಸಕ್ಕಿಂತ ಹೆಚ್ಚು ಅಂಕ ಕೊಡುತ್ತೇನೆ.

ಊಟ: ಅನ್ನ, ಹುರುಳಿಕಾಳು ಸಾರು, ಮೊಟ್ಟೆ, ಮಜ್ಜಿಗೆ. ರುಚಿಯಾಗಿತ್ತು. ಸಭಾಂಗಣ ಮಾತ್ರ ಮೊದಲ ಮಹಡಿಯಲ್ಲಿದೆ. ಮೊಣಕಾಲು ನೋವಿನವರಿಗೆ ಕಷ್ಟ.

ಮಧ್ಯಾಹ್ನ ಆಪ್ತಸಮಾಲೋಚನೆ ಕಲಿತ ಒಬ್ಬ ಸಿಸ್ಟರ್ ಬಂದರು. ದಿನದ ಅತ್ಯುತ್ತಮ ಭಾಗ ಅದೇ. "ಇಷ್ಟು ಮೃದುವಾಗಿ ಹೇಳಿದರೆ ಹುಡುಗರಿಗೆ ಪರವಾನಗಿ ಕೊಟ್ಟಂತೆ ಆಗುವುದಿಲ್ಲವೇ?" ಎಂದು ಯಾರೋ ಕೇಳಿದಾಗ ಅವರು ಒಂದನೆಯ ಅರಸುಗಳ 19ನೇ ಅಧ್ಯಾಯ ಓದಿಸಿದರು. ಪ್ರವಾದಿ ಎಲೀಯ ಮರದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಬೇಡುತ್ತಾನೆ. ದೇವದೂತ ನರಕದ ಹೆಸರೆತ್ತುವುದಿಲ್ಲ. ರೊಟ್ಟಿ, ನೀರು ಕೊಡುತ್ತಾನೆ, ಮಲಗಲು ಬಿಡುತ್ತಾನೆ, ಮತ್ತೆ ಎಬ್ಬಿಸಿ ತಿನ್ನಿಸುತ್ತಾನೆ. ಸಿಸ್ಟರ್ ಅಲ್ಲಿಂದ ನೇರವಾಗಿ ಇಂದಿಗೆ ಬಂದರು: ಮನೆಯಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಗದರಬೇಡಿ, ಒಂಟಿಯಾಗಿ ಬಿಡಬೇಡಿ, ನೇರವಾಗಿ ಕೇಳಿ, ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು ಎಂದು ಹೇಳಿ ಎಲ್ಲರ ಮೊಬೈಲಿಗೂ ಸಂಖ್ಯೆ ಹಾಕಿಸಿದರು. ಮಗುವನ್ನೋ ಒಡಹುಟ್ಟಿದವರನ್ನೋ ಹೀಗೆ ಕಳೆದುಕೊಂಡವರೇ ಆ ಯೋಚನೆಗೆ ಬೀಳುವುದೂ ಉಂಟು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದು ನನಗೆ ಹಿಡಿಸಿತು.

ಪ್ರಾಟೆಸ್ಟೆಂಟ್ ಸಭೆಗಳವರಿಗೆ ಒಂದು ಮಾತು. ನಮ್ಮ ಪಕ್ಕದಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ದಂಪತಿ ಕುಳಿತಿದ್ದರು. ಸಂಜೆ ಮೃತರಿಗಾಗಿ ಅರ್ಪಿಸಿದ ಬಲಿಪೂಜೆ ನಮಗೆ ಆಸರೆಯಾಯಿತು. ಸತ್ತವರಿಗಾಗಿ ಪ್ರಾರ್ಥಿಸುವ ರೂಢಿಯಿಲ್ಲದ ಅವರಿಗೆ ಅಲ್ಲಿ ಹೆಚ್ಚೇನೂ ಸಿಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬೇರೆ ದಾರಿಯ ಉತ್ತರ: ರಕ್ಷಣೆ ಕೃಪೆಯಿಂದ, ವಿಶ್ವಾಸದ ಮೂಲಕ ಬರುವುದಾದರೆ, ಕೊನೆಯ ಗಳಿಗೆಯಲ್ಲಿ ಅರಿಕೆಯಾಗದೆ ಉಳಿದ ಒಂದು ಪಾಪ ಅದನ್ನು ಅಳಿಸಲಾರದು, ಸಾವೂ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದೆಂದು ಪೌಲ ರೋಮನರಿಗೆ ಬರೆದಿದ್ದಾನೆ. ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರ್ ಕೂಡ ಇಂಥವರು ನರಕಕ್ಕೇ ಹೋಗುತ್ತಾರೆಂಬುದನ್ನು ಒಪ್ಪಲಿಲ್ಲ; ಕಾಡಿನಲ್ಲಿ ದರೋಡೆಕೋರನ ಕೈಗೆ ಸಿಕ್ಕಿ ಸತ್ತವನಂತೆ ಅವರು ಎಂದಿದ್ದರು. ಎಲ್ಲ ಸಭೆಯವರಿಗೂ ಸ್ವಾಗತ ಎಂದು ಫಲಕ ಹಾಕಿದ ಮೇಲೆ ಪ್ರಾಟೆಸ್ಟೆಂಟರ ಒಬ್ಬ ಸಭಾಪಾಲಕರನ್ನೂ (ಪಾಸ್ಟರ್) ಕರೆಯಬೇಕು.

ಇನ್ನು ಕರಪತ್ರ. ಕ್ಯಾಟೆಕಿಸಂನ ಆ ನಾಲ್ಕು ಪರಿಚ್ಛೇದಗಳನ್ನು ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಜೆರಾಕ್ಸ್ ಮಾಡಿ ಹಂಚಿದರು. ಬಂದವರಲ್ಲಿ ಮುಕ್ಕಾಲು ಜನ ಕನ್ನಡ ಮಾತ್ರ ಓದುವವರು. ಮನೆಗೆ ಬಂದು 2283ನೆಯದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಚಿಕ್ಕಮ್ಮ ಅದನ್ನು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟಿದ್ದಾರೆ. ಇನ್ನೊಂದು ಪ್ರತಿಯನ್ನು ಕೇಂದ್ರದ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಮುಂದಿನ ನವೆಂಬರಿನಲ್ಲಿ ಹೋಗುವವರು ದಯವಿಟ್ಟು ಅದನ್ನು ಕೇಳಿ ಪಡೆಯಿರಿ, ಮೈಕ್ ಸರಿಯಿಲ್ಲದ ಕಾರಣ ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳಿ.