ಹುಡುಗಿಯರು ಇಬ್ಬರು, ಹೆದರಿಕೆ ಅರ್ಧ

ಹೋದ ವಾರ ಡೊಂಬಿವಲಿಯ ನಮ್ಮ ಮನೆಯಲ್ಲಿ ಮೂರು ರಾತ್ರಿ, ಮೂರು ದೆವ್ವದ ಸಿನಿಮಾ. 1973ರ ‘ದಿ ಎಕ್ಸಾರ್ಸಿಸ್ಟ್’, ಅದರ ಮುಂದಿನ ಕತೆ ಅಂತ 2023ರಲ್ಲಿ ಬಂದ ‘ಬಿಲೀವರ್’, ಮತ್ತೆ ಚಿಕ್ಕಮ್ಮನ ಹಟಕ್ಕೆ 1979ರ ನಮ್ಮ ‘ನಾ ನಿನ್ನ ಬಿಡಲಾರೆ’. ಜೊತೆಗೆ ಒಂದು ಡಬ್ಬಿ ಚಕ್ಕುಲಿ.

ಬಿಲೀವರ್ ಶುರುವಾಗುವುದು ಚೆನ್ನಾಗಿಯೇ, ಸುಳ್ಳು ಯಾಕೆ ಹೇಳಲಿ. ಶಾಲೆ ಬಿಟ್ಟ ಮೇಲೆ ಇಬ್ಬರು ಹುಡುಗಿಯರು ಕಾಡಿಗೆ ಹೋಗುತ್ತಾರೆ, ಮೂರು ದಿನ ಪತ್ತೆಯೇ ಇಲ್ಲ. ಅಲ್ಲಿವರೆಗೆ ನನ್ನ ಚಕ್ಕುಲಿ ಕೈಯಲ್ಲೇ ಇತ್ತು. ಆಮೇಲೆ ಎರಡು ಮನೆ, ಎರಡು ಹುಡುಗಿ, ಅಲ್ಲಿಂದ ಇಲ್ಲಿಗೆ ಓಡಾಟ, ಯಾರ ಸಂಕಟವೂ ಮನಸ್ಸಿಗೆ ಇಳಿಯುವಷ್ಟು ಹೊತ್ತು ನಿಲ್ಲುವುದಿಲ್ಲ. ದೆವ್ವ ಬಿಡಿಸುವಾಗ ಪಾಸ್ಟರ್, ಪಕ್ಕದ ಮನೆ ನರ್ಸ್, ನಾಟಿ ವೈದ್ಯೆ ಎಲ್ಲರೂ ಸೇರಿ ಒಂದೇ ಸಲ ಮಾತಾಡುತ್ತಾರೆ. ಥೇಟ್ ನಮ್ಮ ಸೊಸೈಟಿ ಮೀಟಿಂಗ್! ಹಳೇ ಸಿನಿಮಾದ ತಾಯಿ ಎಲೆನ್ ಬರ್ಸ್ಟಿನ್ ಅವರನ್ನು 50 ವರ್ಷ ಆದ ಮೇಲೆ ಕರೆತಂದು, ಸ್ವಲ್ಪ ಹೊತ್ತಿಗೇ ಕಣ್ಣು ಕಳೆದು ಆಸ್ಪತ್ರೆ ಮಂಚಕ್ಕೆ ಹಾಕಿದ್ದಾರೆ. ಸುಮ್ನೆ ಕರೆಸಿದ್ದು ಅಲ್ವಾ?

ಹಳೆಯದರಲ್ಲಿ ಅದೇ ತಾಯಿಯನ್ನು ನೋಡಿ. ಅಟ್ಟದಲ್ಲಿ ಸದ್ದಾದರೆ ಮೊದಲು ಇಲಿ ಅಂದುಕೊಳ್ಳುತ್ತಾಳೆ. ಮಗಳಿಗೆ ಏನೋ ಆಗಿದೆ ಅಂತ ಗೊತ್ತಾದಾಗ ಡಾಕ್ಟರ್ ಹತ್ತಿರ ಓಡುತ್ತಾಳೆ, ಪಾದ್ರಿ ಹತ್ತಿರ ಅಲ್ಲ. ಆ ಹುಡುಗಿಯ ಕುತ್ತಿಗೆಗೆ ಸೂಜಿ ಚುಚ್ಚಿದಾಗ ರಕ್ತ ಚಿಮ್ಮುತ್ತದಲ್ಲ, ನಾನು ಮುಖ ತಿರುಗಿಸಿದ್ದು ಅಲ್ಲೇ. ತಲೆ ಗಿರ್ರನೆ ತಿರುಗಿದಾಗಲೂ ನೋಡುತ್ತಲೇ ಇದ್ದೆ. ಕೊನೆಗೆ ಆ ಕೋಣೆಯಲ್ಲಿ ಎಲ್ಲರ ಬಾಯಿಂದ ಹೊಗೆ ಬರುತ್ತದೆ. ಸೆಟ್ಟನ್ನೇ ನಿಜವಾಗಿ ಫ್ರಿಜ್ ಥರ ತಣ್ಣಗೆ ಮಾಡಿ ಶೂಟ್ ಮಾಡಿದ್ದರಂತೆ. ಹೊದಿಕೆ ಎಳೆದುಕೊಂಡೆ, ಮುಂಬೈ ಸೆಕೆಯಲ್ಲಿ!

‘ನಾ ನಿನ್ನ ಬಿಡಲಾರೆ’ಯ ಟ್ರಿಕ್ಕುಗಳು ಈಗ ನಗು ತರಿಸುತ್ತವೆ, ಒಪ್ಪುತ್ತೇನೆ. ಆದರೆ ದೆವ್ವ ಹೊಕ್ಕಿರುವುದು ಅನಂತ್‌ನಾಗ್‌ಗೆ, ಹೆಂಡತಿ ಲಕ್ಷ್ಮಿ. ಗಂಡ ತನ್ನವನೋ ಅಲ್ಲವೋ ಅಂತ ಅವಳು ನೋಡುವ ನೋಟಕ್ಕೆ ಯಾವ ಗ್ರಾಫಿಕ್ಸೂ ಬೇಕಿಲ್ಲ.

ಒಂದೇ ನೋಡುವಷ್ಟು ಪುರುಸೊತ್ತಿದ್ದರೆ 1973ರದ್ದು ನೋಡಿ. ಬಿಲೀವರ್ ಅರ್ಧಕ್ಕೆ ಬರುವಷ್ಟರಲ್ಲಿ ಚಿಕ್ಕಮ್ಮ ಗೊರಕೆ ಹೊಡೆಯುತ್ತಿದ್ದರು. ಅನಂತ್‌ನಾಗ್ ರಾತ್ರಿ ಮಾತ್ರ, "ಸ್ವಲ್ಪ ಬಾತ್‌ರೂಮ್ ಹೊರಗೆ ನಿಂತಿರು ಮಾರಾಯ" ಅಂದರು.