ಕಾರವಾರದ ಹೆದ್ದಾರಿಯೋ, ಕೊಂಕಣದ ತಿರುವು ದಾರಿಯೋ

ಹುಬ್ಬಳ್ಳಿ-ಧಾರವಾಡದ ಕಡೆಯಿಂದ ನಾಲ್ಕೈದು ಮಂದಿ ಗೆಳೆಯರು ಒಂದು ಕಾರಿನಲ್ಲಿ ಕರಾವಳಿ ಸುತ್ತಲು ಹೊರಟರೆ ಮುಂದೆ ಎರಡು ದಾರಿಗಳಿರುತ್ತವೆ. ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯ ಬಳಿ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಕಾರವಾರದಿಂದ ಕುಂದಾಪುರದವರೆಗೆ ನಮ್ಮದೇ ಕರಾವಳಿ. ಬೆಳಗಾವಿಯಿಂದ ಅಂಬೋಲಿ ಘಟ್ಟ ಇಳಿದು, ಸಾವಂತವಾಡಿಯ ಮೂಲಕ ಮಾಲವಣ ಸೇರಿದರೆ, ಅಲ್ಲಿಂದ ಉತ್ತರಕ್ಕೆ ದೇವಗಡ, ವಿಜಯದುರ್ಗ, ರತ್ನಾಗಿರಿ, ಗಣಪತಿಪುಳೆ, ಗುಹಾಗರ, ದಾಪೋಲಿ ಎಂದು ಸಾಗುವ ಮಹಾರಾಷ್ಟ್ರದ ಕೊಂಕಣ. ಎರಡೂ ಕಡೆ ಅದೇ ಗೆಳೆಯರೊಂದಿಗೆ ಸುತ್ತಿ ಬಂದಿರುವುದರಿಂದ, ಯಾವುದನ್ನು ಆರಿಸಿಕೊಳ್ಳಬೇಕು ಎಂದು ಕೇಳುವವರಿಗೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಬೀಚುಗಳ ಅಂದಕ್ಕಿಂತ ದಾರಿಯ ಗುಣವೇ ನನಗೆ ಇಲ್ಲಿ ಮುಖ್ಯ; ಕಾರಿನಲ್ಲಿ ಕುಳಿತು ಕಳೆಯುವ ಹೊತ್ತು ಬೀಚಿನ ಮೇಲೆ ಕಳೆಯುವ ಹೊತ್ತಿಗಿಂತ ಯಾವಾಗಲೂ ಹೆಚ್ಚು.

ಮೊದಲಿಗೆ ನಮ್ಮ ಹೆದ್ದಾರಿ. ಪನವೇಲದಿಂದ ಕನ್ಯಾಕುಮಾರಿಗೆ ಹೋಗುವ 66 ಸಮುದ್ರದ ಪಕ್ಕದಲ್ಲೇ ಓಡುತ್ತದೆ ಎಂಬ ಮಾತು ಭೂಪಟದ ಮಟ್ಟಿಗೆ ಸರಿ, ಕಣ್ಣಿನ ಮಟ್ಟಿಗೆ ಅಷ್ಟು ಸರಿಯಲ್ಲ. ಪಶ್ಚಿಮ ಘಟ್ಟ ಸಮುದ್ರಕ್ಕೆ ಅತಿ ಹತ್ತಿರ ಬರುವುದು ಕಾರವಾರದ ಬಳಿ. ಬೆಟ್ಟ, ರಸ್ತೆ, ಅಲೆ ಮೂರೂ ಒಂದೇ ನೋಟದಲ್ಲಿ ಸಿಗುವ ಆ ತುಣುಕು ನಿಜಕ್ಕೂ ಅಪೂರ್ವ. ಆದರೆ ಬಿಣಗಾ, ಅರಗಾ ಭಾಗದಲ್ಲಿ ನೌಕಾನೆಲೆ ಇರುವುದರಿಂದ ಗಾಡಿ ನಿಲ್ಲಿಸಿ ನೋಡುವ ಅವಕಾಶ ಕಡಿಮೆ. ಅಲ್ಲಿಂದ ಮುಂದೆ ಕಡಲು ಮನೆಗಳ, ತೆಂಗಿನ ತೋಟಗಳ ಹಿಂದೆ ಅಡಗಿಕೊಳ್ಳುತ್ತದೆ. ಮತ್ತೆ ಅದು ಸಂಪೂರ್ಣವಾಗಿ ತೆರೆದುಕೊಳ್ಳುವುದು ಮರವಂತೆಯಲ್ಲಿ, ಒಂದು ಬದಿಗೆ ಸೌಪರ್ಣಿಕಾ ನದಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ. ನಡುವಿನ ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳನ್ನು ಚತುಷ್ಪಥದ ಸೇತುವೆಗಳು ಎಷ್ಟು ಸಲೀಸಾಗಿ ದಾಟಿಸುತ್ತವೆಂದರೆ, ಹೊನ್ನಾವರದಲ್ಲಿ ಅಷ್ಟು ಅಗಲದ ಶರಾವತಿ ಬಂದು ಹೋದದ್ದು ಹಿಂದಿನ ಸೀಟಿನವರಿಗೆ ಗೊತ್ತೇ ಆಗಲಿಲ್ಲ. ಮಾತಿನ ನಡುವೆ ಒಬ್ಬ ಕಿಟಕಿಯತ್ತ ತಿರುಗುವಷ್ಟರಲ್ಲಿ ನದಿ ಹಿಂದೆ ಉಳಿದಿತ್ತು.

ಕೊಂಕಣದಲ್ಲಿ ಇದೇ 66 ಕಣಕವಲಿ, ಚಿಪಳೂಣ ಎಂದು ಒಳನಾಡಿನಲ್ಲಿ ಸಾಗುತ್ತದೆ, ಸಮುದ್ರದ ಗೋಜಿಗೇ ಹೋಗುವುದಿಲ್ಲ. ಹೀಗಾಗಿ ಕಡಲಂಚು ಕಿರಿದಾದ ರಾಜ್ಯ ರಸ್ತೆಯ ಪಾಲಿಗೆ ಉಳಿದಿದೆ, ಮತ್ತು ಆ ರಸ್ತೆಗೆ ನೇರವಾಗಿ ಹೋಗಲು ನೆಲವೇ ಬಿಡುವುದಿಲ್ಲ. ಕೆಳಗೆ ದಖ್ಖನ್ನಿನ ಕಪ್ಪು ಲಾವಾ ಶಿಲೆ, ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಬೋಳು ಹಾಸು, ನಡುನಡುವೆ ನದಿಗಳು ಆಳವಾಗಿ ಕೊರೆದ ಅಳಿವೆಗಳು. ದಾರಿ ಹಾಸಿನ ಮೇಲೇರಿ, ಅಳಿವೆಗೆ ಇಳಿದು, ಮತ್ತೆ ಏರುತ್ತದೆ. ರತ್ನಾಗಿರಿಯಿಂದ ಗಣಪತಿಪುಳೆಗೆ ಹೋಗುವಾಗ ಸಿಗುವ ಆರೆ-ವಾರೆಯನ್ನು ಇದರ ಮಾದರಿಯಾಗಿ ಹೇಳಬಹುದು. ಗುಡ್ಡದ ಬದಿಯನ್ನು ಬಳಸಿ ಏರುವ ತಿರುವಿನಲ್ಲಿ ಗಾಡಿ ಎರಡನೇ ಗೇರಿಗೆ ಬರುವ ಹೊತ್ತಿಗೆ ಎಡಗಡೆಯ ನೆಲ ಒಮ್ಮೆಲೇ ಇಲ್ಲವಾಗಿ, ಕೆಳಗೆ ಕಡಲಿಗೆ ಚಾಚಿದ ಒಂದು ಮೂಗುಗುಡ್ಡದಿಂದ ಬೇರ್ಪಟ್ಟ ಎರಡು ಬೀಚುಗಳು ಏಕಕಾಲಕ್ಕೆ ಕಾಣಿಸುತ್ತವೆ. ಆ ತಿರುವಿನಲ್ಲಿ ವೇಗವಾಗಿ ಹೋಗುವುದು ಸಾಧ್ಯವೇ ಇಲ್ಲದ್ದರಿಂದ ಎಲ್ಲರಿಗೂ ಎಲ್ಲವೂ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಇಂಥ ಎತ್ತರದ ನೋಟ ಬೇಕೆಂದರೆ ಹೆದ್ದಾರಿ ಬಿಟ್ಟು ಹೊನ್ನಾವರದ ಬಳಿಯ ಅಪ್ಸರಕೊಂಡಕ್ಕೋ, ಬೈಂದೂರಿನ ಒತ್ತಿನೆಣೆಗೋ ಹತ್ತಬೇಕು; ಅವೂ ಚೆನ್ನಾಗಿವೆ, ಆದರೆ ಅವು ದಾರಿಯಲ್ಲ, ತಾಣಗಳು.

ಕೊಂಕಣದ ಪ್ರಯಾಣವನ್ನು ಬೇರೆಯಾಗಿಸುವುದು ಫೆರಿಗಳು. ಶಾಸ್ತ್ರಿ ನದಿಯ ಮುಖದಲ್ಲಿ ಜಯಗಡದಿಂದ ತವಸಾಳಕ್ಕೆ, ವಾಶಿಷ್ಠಿಯ ಮುಖದಲ್ಲಿ ಧೋಪಾವೆಯಿಂದ ದಾಭೋಳಕ್ಕೆ, ಇನ್ನೂ ಉತ್ತರಕ್ಕೆ ಬಾಣಕೋಟದ ಅಳಿವೆಯಲ್ಲಿ ವೇಸವಿಯಿಂದ ಬಾಗಮಾಂಡಲೆಗೆ ಕಾರನ್ನೇ ದೋಣಿಗೆ ಹತ್ತಿಸಿ ದಾಟಬೇಕು. ಇಲ್ಲವೆಂದರೆ ಒಳನಾಡಿನ ಸೇತುವೆಯವರೆಗೆ ದೊಡ್ಡ ಸುತ್ತು. ಫೆರಿ ದಡಕ್ಕೆ ತಾಗಿ ಮೂತಿಯ ಕಬ್ಬಿಣದ ಹಲಗೆಯನ್ನು ಇಳಿಸಿದ ಕೂಡಲೇ ಮೊದಲು ಬೈಕುಗಳು, ಆಮೇಲೆ ಕಾರುಗಳು ಹೊರಬರುತ್ತವೆ. ನಂತರ ಸೀಟಿ ಹಿಡಿದ ಹುಡುಗನೊಬ್ಬ ಕನ್ನಡಿ ಮಡಚಲು ಹೇಳಿ, ಬೆರಳ ಸನ್ನೆಯಿಂದಲೇ ಸ್ಟೀರಿಂಗ್ ತಿರುಗಿಸುತ್ತಾ, ಪಕ್ಕದ ಗಾಡಿಯ ಬಾಗಿಲು ಅರ್ಧ ಮಾತ್ರ ತೆರೆಯುವಷ್ಟು ಜಾಗ ಉಳಿಸಿ ನಿಲ್ಲಿಸುತ್ತಾನೆ. ಹೊಟ್ಟೆ ಒಳಗೆಳೆದುಕೊಂಡು ಇಳಿದು ಮೇಲಿನ ಅಟ್ಟಕ್ಕೆ ಹೋದರೆ ಕಟಕಟೆ ಹಿಡಿದು ನಿಂತ ಶಾಲೆಯ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು, ಹಿಂದೆ ಸರಿಯುವ ಜಯಗಡದ ಕೋಟೆ. ದಾಟುವುದಕ್ಕಿಂತ ಕಾಯುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ನಮ್ಮ ಗುಂಪಿನಲ್ಲಿ ಸದಾ ಫೋನು ನೋಡುತ್ತಿದ್ದವನು ಪಕ್ಕದ ಕಾರಿನವರೊಂದಿಗೆ ಹರಕುಮುರುಕು ಮರಾಠಿಯಲ್ಲಿ ಮಾತಿಗಿಳಿದದ್ದು ಈ ಕಾಯುವಿಕೆಯಲ್ಲೇ.

ಇಷ್ಟೆಲ್ಲ ಹೇಳಿದ ಮೇಲೂ, ಕಡಿದಾದ ಬಂಡೆಗಳನ್ನು ಕೈಯಿಂದ ಮುಟ್ಟಿ ನೋಡಬೇಕು ಎನ್ನುವವರಿಗೆ ನಮ್ಮ ಕರಾವಳಿಗೆ ಸಮನಾದದ್ದು ಕೊಂಕಣದಲ್ಲಿ ನನಗೆ ಸಿಗಲಿಲ್ಲ. ಗೋಕರ್ಣದ ಕುಡ್ಲೆಯಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ಎಂದು ಬಂಡೆಗಳ ಅಂಚಿನಲ್ಲೇ ಸಾಗುವ ಕಾಲುದಾರಿಯಲ್ಲಿ ಕಾರಿಗೆ ಪ್ರವೇಶವಿಲ್ಲ. ಕೊನೆಯ ಎರಡಕ್ಕೆ ನಡೆದೇ ಹೋಗಬೇಕು ಅಥವಾ ದೋಣಿ ಹಿಡಿಯಬೇಕು. ತದಡಿಯಲ್ಲಿ ಬೈಕನ್ನು ದೋಣಿಗೆ ಹಾಕಿ ಆಚೆ ದಡದ ಅಘನಾಶಿನಿ ಊರಿಗೆ ದಾಟಿ, ಗಜನಿ (ಉಪ್ಪುನೀರು ನುಗ್ಗುವ) ಗದ್ದೆಗಳ ಬದಿಯಿಂದ ಕುಮಟೆ ಸೇರುವ ದಾರಿಯೂ ಉಂಟು. ಅಂದರೆ ಇಲ್ಲಿಯ ನಿಜವಾದ ಕರಾವಳಿ ಕಾರಿನಿಂದ ಇಳಿದವರಿಗೆ ಮತ್ತು ಬೈಕಿನವರಿಗೆ ಮೀಸಲು.

ಕೋಟೆಗಳ ವಿಷಯದಲ್ಲಿ ಸ್ಪರ್ಧೆಯೇ ಇಲ್ಲ. ಮುರಕಲ್ಲಿನ ಮಿರ್ಜಾನ ಕೋಟೆ ಮಳೆಗಾಲದ ಹಸಿರಿನಲ್ಲಿ ಚೆಂದ, ನಿಜ. ಆದರೆ 1664ರಲ್ಲಿ ಶಿವಾಜಿ ಕಟ್ಟಲು ಆರಂಭಿಸಿದ ಸಿಂಧುದುರ್ಗ, ಮೂರು ಸುತ್ತಿನ ವಿಜಯದುರ್ಗ ಇವುಗಳ ಗಾತ್ರವೇ ಬೇರೆ. ಚರಿತ್ರೆಯ ಹುಚ್ಚಿರುವವರು ರತ್ನಾಗಿರಿಯಲ್ಲಿ ಥೀಬಾ ಅರಮನೆಯನ್ನೂ ನೋಡಬಹುದು. ಬರ್ಮಾದ ಕೊನೆಯ ರಾಜ ಥೀಬಾ ಗಡೀಪಾರಾಗಿ ಬಂದು 1916ರಲ್ಲಿ ತೀರಿಕೊಂಡದ್ದು ಈ ಊರಿನಲ್ಲೇ.

ಊಟದಲ್ಲಿ ಗುಂಪು ಒಡೆಯಿತು. ಮೀನು ತಿನ್ನುವವರು ಮಾಲವಣದ ಸುರ್ಮಾಯಿ (ಅಂಜಲ್ ಮೀನಿನ) ತಾಟನ್ನು ಕಾರವಾರದ ಮೀನೂಟಕ್ಕಿಂತ ಮೇಲೆ ಎಂದರು, ನಾನು ಒಪ್ಪುವುದಿಲ್ಲ. ಅಲ್ಲಿಯ ಮಸಾಲೆ ಮೀನಿನ ರುಚಿಯನ್ನು ಮುಚ್ಚುತ್ತದೆ, ಇಲ್ಲಿಯ ತೆಂಗು ಮತ್ತು ಮುರುಗಲು (ಕೋಕಂ) ಅದನ್ನು ಎತ್ತಿ ಹಿಡಿಯುತ್ತವೆ. ಸಸ್ಯಾಹಾರಿಗಳಿಗೆ ನಮ್ಮ ಕಡೆಯೇ ನಿರಾಳ, ಹೊತ್ತು ಮೀರಿ ಹೋದರೂ ಇಡ್ಲಿಯಾದರೂ ಸಿಗುತ್ತದೆ. ಕೊಂಕಣದ ಮನೆವಸತಿಗಳಲ್ಲಿ ರಾತ್ರಿಯ ಊಟವನ್ನು ಮಧ್ಯಾಹ್ನವೇ ಹೇಳಿರಬೇಕು, ಇಲ್ಲವಾದರೆ ಬಿಸ್ಕತ್ತೇ ಗತಿ.

ಸುರಕ್ಷತೆ ಮತ್ತು ಶ್ರಮದ ಲೆಕ್ಕ ಬೇರೆ. ಕಾರವಾರದಿಂದ ಕುಂದಾಪುರದವರೆಗಿನ ಸುಮಾರು 170 ಕಿ.ಮೀ. ದಾರಿಯನ್ನು ಒಬ್ಬನೇ ಚಾಲಕ ಅರ್ಧ ದಿನದಲ್ಲಿ ಆಯಾಸವಿಲ್ಲದೆ ಮುಗಿಸಬಲ್ಲ. ಕೊಂಕಣದಲ್ಲಿ ಅಷ್ಟೇ ದೂರಕ್ಕೆ ಇಡೀ ದಿನ ಬೇಕು, ಸ್ಟೀರಿಂಗ್ ಹಿಡಿಯಲು ಇನ್ನೊಬ್ಬ ಇರಬೇಕು, ಮತ್ತು ಕತ್ತಲಾದ ಮೇಲೆ ಓಡಿಸಬಾರದು. ಆದರೆ ಅಗಲ ರಸ್ತೆಯೆಂದರೆ ನಿರಪಾಯದ ರಸ್ತೆ ಎಂದೂ ತಿಳಿಯಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯೂ ಲಾರಿಗಳೂ ಗಂಗಾವಳಿಗೆ ಕೊಚ್ಚಿಹೋದವು. ಮುಂದಿನ ತಿಂಗಳಲ್ಲೇ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಕರಾವಳಿಗಳನ್ನು ಬಿಡುವುದೇ ಲೇಸು. ಆ ತಿಂಗಳುಗಳಲ್ಲಿ ಸಿಂಧುದುರ್ಗಕ್ಕೆ ದೋಣಿಯೂ ಇರುವುದಿಲ್ಲ.

ಶನಿವಾರ, ಭಾನುವಾರ ಮಾತ್ರ ಬಿಡುವಿದ್ದರೆ ಗೋಕರ್ಣದಲ್ಲಿ ಕಾರು ನಿಲ್ಲಿಸಿ ನಡೆಯಿರಿ. ಆ ಅವಧಿಗೆ ಕೊಂಕಣಕ್ಕೆ ಹೋದವರಿಗೆ ಅಂಬೋಲಿ ಘಟ್ಟದ ಮಂಜು ಬಿಟ್ಟು ಹೆಚ್ಚೇನೂ ದಕ್ಕುವುದಿಲ್ಲ. ಒಂದು ವಾರದ ರಜೆ ಇದ್ದು, ಗುಂಪಿನಲ್ಲಿ ಇಬ್ಬರಾದರೂ ಚೆನ್ನಾಗಿ ಗಾಡಿ ಓಡಿಸುವವರಿದ್ದರೆ ನನ್ನ ಮತ ನಿಸ್ಸಂದೇಹವಾಗಿ ಕೊಂಕಣಕ್ಕೆ. ಅದನ್ನು ಬಹಳ ಮುಂದೂಡುವುದೂ ಬೇಡ. ರೇವಸ್‌ನಿಂದ ರೇಡಿಯವರೆಗಿನ ಸಾಗರಿ ಮಹಾಮಾರ್ಗ ಎಂಬ ಕರಾವಳಿ ಹೆದ್ದಾರಿಯ ಯೋಜನೆಯಲ್ಲಿ ಈ ಅಳಿವೆಗಳಿಗೆಲ್ಲ ಸೇತುವೆಗಳು ಸೇರಿವೆ. ಆಸ್ಪತ್ರೆಗೂ ಕಾಲೇಜಿಗೂ ಫೆರಿಯನ್ನೇ ನಂಬಿಕೊಂಡಿರುವ ಆಚೆ ದಡದ ಜನರಿಗೆ ಅವು ಬೇಕೇ ಬೇಕು. ಅವು ಮುಗಿದ ಮೇಲೆ ಜಯಗಡದ ಅಳಿವೆಯೂ ಹೊನ್ನಾವರದ ಶರಾವತಿಯಂತೆಯೇ ಮಾತಿನ ನಡುವೆ ದಾಟಿಹೋಗುತ್ತದೆ.