ನಾಯಿ ಸೊಂಟದ ಎಕ್ಸ್‌ರೇ: ಒಎಫ್ಎ ಮಾಡಿಸೋದಾ, ಪೆನ್‌ಹಿಪ್ಪಾ?
ಒಎಫ್ಎ, ಪೆನ್‌ಹಿಪ್ ಅಂದ್ರೆ ನಾಯಿ ಸೊಂಟದ ಕೀಲು ಸರಿಯಾಗಿ ಕೂತಿದ್ಯಾ ಅಂತ ಎಕ್ಸ್‌ರೇಲಿ ನೋಡೋ ಅಮೆರಿಕದ ಎರಡು ಪರೀಕ್ಷೆ. ಎರಡೂ ನೋಡೋದು ಸೊಂಟದ ಕೀಲನ್ನೇ, ಆದ್ರೆ ನೋಡೋ ರೀತಿ ಬೇರೆ. ಒಎಫ್ಎಲಿ ನಾಯಿನ ಅಂಗಾತ ಮಲಗಿಸಿ ಹಿಂಗಾಲು ನೇರಕ್ಕೆ ಎಳೆದು ಮಂಡಿ ಒಳಗಡೆ ತಿರುಗಿಸಿ ಒಂದೇ ಫಿಲ್ಮ್ ತೆಗೀತಾರೆ, ಅದನ್ನ ಮೂರು ಜನ ರೇಡಿಯಾಲಜಿಸ್ಟ್ ನೋಡಿ ಎಕ್ಸಲೆಂಟ್‌ನಿಂದ ಸಿವಿಯರ್ ತನಕ 7 ಗ್ರೇಡಲ್ಲಿ ಒಂದು ಕೊಡ್ತಾರೆ. ಅನಸ್ತೇಶಿಯಾ ಕಡ್ಡಾಯ ಇಲ್ಲ. ಆದ್ರೆ ಪಕ್ಕಾ ಸರ್ಟಿಫಿಕೇಟ್ ಬೇಕಂದ್ರೆ ನಾಯಿಗೆ 24 ತಿಂಗಳು ತುಂಬಿರ್ಬೇಕು, ಅದಕ್ಕೂ ಮುಂಚೆ ಸಿಗೋದು ಪ್ರಿಲಿಮಿನರಿ ರಿಪೋರ್ಟ್ ಅಷ್ಟೇ.

ಪೆನ್‌ಹಿಪ್ 16 ವಾರದ ಮರಿಗೇ ಮಾಡಿಸ್ಬಹುದು. ಮಂಪರು ಬರೋ ಔಷಧಿ ಕೊಟ್ಟು ಮೂರು ಫಿಲ್ಮ್ ತೆಗೀತಾರೆ, ಒಂದರಲ್ಲಿ ತೊಡೆಗಳ ಮಧ್ಯೆ ಒಂದು ಸಾಧನ ಇಟ್ಟು ತೊಡೆ ಮೂಳೆಯ ಗುಂಡು ತುದಿ ಕೀಲಿನ ಗುಳಿಯಿಂದ ಎಷ್ಟು ಹೊರಗೆ ಜಾರುತ್ತೆ ಅಂತ ಅಳೀತಾರೆ. ಆ ಅಳತೆ 0 ಹತ್ರ ಇದ್ರೆ ಕೀಲು ಬಿಗಿ, 1 ಹತ್ರ ಅಂದ್ರೆ ತೀರಾ ಸಡಿಲ, 0.30ಕ್ಕಿಂತ ಕಮ್ಮಿ ಬಂದ್ರೆ ಮುಂದೆ ಸಂಧಿವಾತದ ಭಯ ಕಮ್ಮಿ. ಇದಕ್ಕೆ ಟ್ರೇನಿಂಗ್ ಆಗಿರೋ ಡಾಕ್ಟರೇ ಬೇಕು, ತೆಗೆದ ಫಿಲ್ಮೆಲ್ಲಾ ಪೆನ್‌ಹಿಪ್‌ನೋರಿಗೆ ಕಳಿಸ್ಲೇಬೇಕು, ಚೆನ್ನಾಗಿಲ್ಲ ಅಂತ ಬಚ್ಚಿಡೋ ಹಾಗಿಲ್ಲ (ನಂಗೆ ಇಷ್ಟ ಆಗಿದ್ದೇ ಇದು).

ಮರಿ ಇದ್ದಾಗ್ಲೇ ಬ್ರೀಡಿಂಗ್‌ಗೆ ಇಟ್ಕೊಳೋದಾ ಬೇಡ್ವಾ ಅಂತ ತೀರ್ಮಾನ ಮಾಡ್ಬೇಕಿದ್ರೆ ನಾನಂತೂ ಪೆನ್‌ಹಿಪ್ ಅಂತೀನಿ. ಬೆಳೆದ ನಾಯಿ, ಮರಿ ಕೊಳ್ಳೋರಿಗೆ ತೋರ್ಸೋಕೆ ಅರ್ಥ ಆಗೋ ಗ್ರೇಡ್ ಸಾಕು ಅಂದ್ರೆ ಒಎಫ್ಎ.